ಕಾವಲಲ್ಲಿ ತೋಳ ಇದೆ

ಆ ಕುರಿ ನನ್ನದು. ಸತ್ತ ಮೇಲೂ ಅದು ನನ್ನದೇ ಎಂದು ನಾನು ಹಟ ಹಿಡಿದದ್ದರಿಂದ ಇಷ್ಟೆಲ್ಲ ಆಯಿತು.

ನಾನು ಹುಟ್ಟಿ ಬೆಳೆದದ್ದು ಹುಲಿಯೂರುದುರ್ಗದಲ್ಲಿ. ಅಲ್ಲಿ ಅಪ್ಪನದೊಂದು ಪಾತ್ರೆ ಅಂಗಡಿ. ತುಮಕೂರಿನ ಹಾಸ್ಟೆಲ್ಲಿನಲ್ಲಿದ್ದು ಬಿ.ಎ. ಮುಗಿಸಿದೆ, ಮದುವೆಯಾಗಿ ಸಿ.ಎಸ್. ಪುರದ ಕಡೆಯ ಒಂದು ಊರಿಗೆ ಬಂದೆ. ನನ್ನ ಗಂಡ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಕುಣಿಗಲ್ ಕಡೆಯ ರೂಟು. ಮನೆಯಲ್ಲಿರುವುದಕ್ಕಿಂತ ಬಸ್ಸಿನಲ್ಲಿರುವುದೇ ಹೆಚ್ಚು. ಮನೆಯಲ್ಲಿ ಉಳಿಯುವುದು ನಾನು, ನಮ್ಮತ್ತೆ, ಒಂದಿಷ್ಟು ತೆಂಗು, ಒಂದು ಹಸು, ಒಂದು ಮಂದೆ ಕುರಿ. ಬಿ.ಎ. ಓದಿದ ಮಗಳು ಕುರಿ ಹಿಂದೆ ತಿರುಗುತ್ತಾಳೆಂದು ತವರಿನವರಿಗೆ ಬೇಜಾರಿತ್ತು. ನನಗಿರಲಿಲ್ಲ. ಪಾತ್ರೆಗಳ ಸದ್ದಿನ ನಡುವೆ ಬೆಳೆದವಳಿಗೆ ಬಯಲಿನಲ್ಲಿ ಮಾತಿಲ್ಲದೆ ನಡೆಯುವುದು ಬಹಳ ಬೇಗ ಹಿಡಿಸಿಬಿಟ್ಟಿತು.

ಊರಿನ ಹಿಂದೆ ಕಾವಲು ಇದೆ. ಹಿಂದೆ ಅರಸರ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲು, ಈಗ ಸರ್ಕಾರದ ಜಾಗ. ದೊಡ್ಡ ಮರಗಳಿಲ್ಲ. ಬಂದಾರೆ, ಕಾರೆಯ ಪೊದೆ, ಅಲ್ಲಲ್ಲಿ ಬಂಡೆ, ಮಿಕ್ಕಿದ್ದೆಲ್ಲ ಹುಲ್ಲು. ಹೊರಗಿನಿಂದ ಬಂದವರು ಅದನ್ನು ನೋಡಿ ಬರಡು ಭೂಮಿ ಎನ್ನುತ್ತಾರೆ. ನಮ್ಮ ಕುರಿ ಹೊಟ್ಟೆ ತುಂಬಿಸಿಕೊಳ್ಳುವುದೇ ಅಲ್ಲಿ.

ಬೇಸಗೆಯ ಒಂದು ಮಧ್ಯಾಹ್ನ ಅತ್ತೆ ಕಾವಲಿನ ಅಂಚಿನ ಹೊಂಗೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ನಮ್ಮ ನಾಯಿ ಇದ್ದಕ್ಕಿದ್ದಂತೆ ಎದ್ದು ನಿಂತಿತು. ಎದುರಿನ ದಿಬ್ಬದ ಮೇಲೆ ಮಣ್ಣಿನ ಬಣ್ಣದ, ಉದ್ದ ಕಾಲಿನ ಪ್ರಾಣಿಯೊಂದು ನಮ್ಮ ಕಡೆಗೇ ನೋಡುತ್ತಿತ್ತು. ಅಡಗಿಕೊಳ್ಳುವ ಯೋಚನೆಯೇ ಅದಕ್ಕಿದ್ದಂತಿರಲಿಲ್ಲ. ನಾಯಿ ಬೊಗಳುತ್ತ ಓಡಿತು, ನಾನೂ ಕೋಲು ಹಿಡಿದು ಹಿಂದೆಯೇ ಓಡಿದೆ. ಅದು ಸ್ವಲ್ಪ ದೂರ ಹೋಗಿ ನಿಲ್ಲುವುದು, ನಾವು ಹತ್ತಿರ ಬಂದರೆ ಮತ್ತೆ ಸ್ವಲ್ಪ ದೂರ ಹೋಗುವುದು. ಅತ್ತೆ ಕೂಗಿದ್ದು ಕೇಳಿ ತಿರುಗಿದೆ. ಇನ್ನೊಂದು ತೋಳ ಬಂದಾರೆ ಪೊದೆಯಿಂದ ಎದ್ದು ಮಂದೆಯೊಳಗೆ ನುಗ್ಗಿ, ಒಂದು ಕುರಿಯ ಗಂಟಲು ಹಿಡಿದಾಗಿತ್ತು. ದಿಬ್ಬದ ಮೇಲಿನದು ನಮ್ಮನ್ನು ದೂರ ಸೆಳೆಯಲೆಂದೇ ನಿಂತಿತ್ತೆಂದು ಆಗ ಗೊತ್ತಾಯಿತು.

ನಾವು ಕಲ್ಲು ತೂರಿಕೊಂಡು ಅಟ್ಟಿಸಿಕೊಂಡು ಹೋಗಿ ಬಂಡೆಗಳ ಆಚೆ ಕುರಿಯನ್ನು ಕಂಡಾಗ ತೊಡೆಯ ಭಾಗ ಹೋಗಿತ್ತು. ಅದು ಮೇಯುವುದು ಬಿಟ್ಟು ನನ್ನ ಸೆರಗು ಜಗಿಯುತ್ತಿದ್ದ ಕುರಿ. ನನಗೆ ಅಳು ಬಂತು. ಸಿಟ್ಟಿನ ಅಳು. ಆ ಹೊತ್ತಿಗೆ ತೋಳ ಕೈಗೆ ಸಿಕ್ಕಿದ್ದರೆ ಹೊಡೆದೇ ಬಿಡುತ್ತಿದ್ದೆ.

ಕೂಗಾಟ ಕೇಳಿ ಪಕ್ಕದ ಹೊಲದಿಂದ ಭಾವ ಬಂದರು. ಭಾವ ಎಂದರೆ ನನ್ನ ಗಂಡನ ದೊಡ್ಡಪ್ಪನ ಮಗ. ಅವರಿಗೂ ಕುರಿ ಇದೆ. ಜೊತೆಗೆ ಊರಿನ ಇನ್ನಿಬ್ಬರು ಇದ್ದರು. ಭಾವ ಕುರಿಯನ್ನು ಕಾಲಲ್ಲಿ ಹೊರಳಿಸಿ ನೋಡಿ ಅತ್ತೆಗೆ ಹೇಳಿದರು:

"ಚಿಕ್ಕವ್ವ, ಇದನ್ನ ಇಲ್ಲೇ ಬುಡಿ. ಬಾಳೆಗೆ ಹಾಕೋ ಹರಳ್ ಔಷಧಿ ಐತೆ ನಮ್ಮನೇಲಿ. ಒಳಗೆ ತುಂಬಿಟ್ರೆ ಸಾಯಂಕಾಲಕ್ಕೆ ತಿನ್ನಾಕ್ ಬರ್ತವೆ. ಅಲ್ಲಿಗೆ ಮುಗೀತು."

ಆ ಔಷಧಿ ನನಗೂ ಗೊತ್ತಿತ್ತು. ಅದನ್ನು ತಿಂದದ್ದೆಲ್ಲ ನೊರೆ ಕಾರಿ ಸಾಯುತ್ತದೆ. ತೋಳವನ್ನು ಕೊಲ್ಲುವುದು ಕಾನೂನಿಗೆ ವಿರುದ್ಧ, ಹುಲಿಗೆ ಎಷ್ಟು ರಕ್ಷಣೆಯಿದೆಯೋ ತೋಳಕ್ಕೂ ಅಷ್ಟೇ ಇದೆ ಎಂಬುದು ಕಾಲೇಜಿನಲ್ಲಿ ಪರೀಕ್ಷೆಗೆ ಓದಿದ ನೆನಪು. ಆದರೆ ಆ ಕ್ಷಣ ನನ್ನ ಬಾಯಿಂದ ಬಂದದ್ದು ಕಾನೂನಲ್ಲ.

"ಇದು ನನ್ ಕುರಿ ಭಾವ. ಇದರೊಳಗೆ ವಿಷ ತುಂಬಕ್ಕೆ ನಾನ್ ಕೊಡಲ್ಲ."

"ಸತ್ತಿರೋ ಕುರಿ ಮಡಿಕೊಂಡು ಏನ್ ಮಾಡ್ತೀಯಮ್ಮ?"

"ಏನಾರ ಮಾಡ್ಕೋತೀನಿ."

ಭಾವ ಅತ್ತೆಯ ಮುಖ ನೋಡಿದರು. ಅತ್ತೆ ನನ್ನನ್ನು ಬೈಯುತ್ತಾರೆಂದು ಅವರು ಅಂದುಕೊಂಡಿದ್ದರು, ನಾನೂ ಹಾಗೆಯೇ ಅಂದುಕೊಂಡಿದ್ದೆ. ಅತ್ತೆ ಕುರಿಯ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತರು.

"ತ್ವಾಳ ಕಂಡ್ರೆ ನಾನು ಕಲ್ಲಲ್ ಹೊಡೀತೀನಿ ಕಣಪ್ಪ," ಎಂದರು. "ಎದುರಿಗೆ ನಿಂತ್ಕಂಡು ಹೊಡೀತೀನಿ. ಕದ್ದು ವಿಷ ಇಕ್ಕೋ ಬದುಕು ನಮ್ಮದಲ್ಲ. ಹಿಂದೆ ಯಾರೋ ಇಕ್ಕಿದ್ದಕ್ಕೆ ನನ್ ನಾಯಿ ಸತ್ತು ಬಿತ್ತು, ನನ್ ತೊಡೆ ಮ್ಯಾಲೇ ಜೀವ ಬಿಡ್ತು. ಕಾಗೆ, ಹದ್ದು, ಎಲ್ಲಾ ಬಿದ್ದಿದ್ವು. ನಡೀರಿ ನೀವು."

ಭಾವ ಜೊತೆಯವರಿಬ್ಬರನ್ನೂ ಕರೆದುಕೊಂಡು ಹೊರಟುಹೋದರು. ನಾವಿಬ್ಬರೂ ಆ ಕುರಿಯನ್ನು ಗೋಣಿಚೀಲದಲ್ಲಿ ಹೊತ್ತು ತಂದು ತೋಟದಲ್ಲಿ ಗುಂಡಿ ತೆಗೆದು, ಉಪ್ಪು ಸುರಿದು, ತೆಂಗಿನ ಬುಡದಲ್ಲಿ ಹೂತೆವು. ಬೆವರಿನಲ್ಲಿ ನೆನೆದು ಮನೆಗೆ ಬಂದಾಗ ಅತ್ತೆ ಒಂದೇ ಮಾತು ಕೇಳಿದರು: "ಯಾಕ್ ಬ್ಯಾಡ ಅಂದೆ ನೀನು?" "ನನ್ನ ಕುರೀನ ಬೇರೆಯವರು ಹಂಗೆ ಬಳಸ್ಕೊಳೋದು ನನಗಿಷ್ಟ ಆಗಲಿಲ್ಲ," ಎಂದೆ. ಅವರು ತಲೆಯಾಡಿಸಿ ಸ್ನಾನಕ್ಕೆ ನೀರು ಕಾಯಿಸಲು ಹೋದರು.

ಮರುದಿನ ಹಾಲಿನ ಡೈರಿಯ ಮುಂದೆ ನನಗಾಗಿ ಜನ ಕಾದಿದ್ದರು. ನಾನು ಕ್ಯಾನು ಇಳಿಸುವ ಮೊದಲೇ ಮಾತು ಶುರುವಾಯಿತು. ತೋಳ ಸಾಕುತ್ತಿದ್ದೀಯಂತೆ, ಇನ್ನು ಮೇಲೆ ಯಾರ ಕುರಿ ಹೋದರೂ ನಿನ್ನನ್ನೇ ಕೇಳುತ್ತೇವೆ ಎಂದರು. ತೋಳ ಕೊಂದರೆ ಜೈಲು ಎಂದು ಹೇಳಿದೆ. ಅಷ್ಟಕ್ಕೆ ಭಾವ ಮುಂದೆ ಬಂದರು.

"ತ್ವಾಳಕ್ಕೆ ಕಾನೂನು ಐತೆ. ನಮ್ಗೆ?"

ಈ ಪ್ರಶ್ನೆ ಸರಿಯಾಗಿತ್ತು. ನಾನು ಅದನ್ನು ಇಂದಿಗೂ ಸರಿ ಎಂದೇ ಹೇಳುತ್ತೇನೆ. "ನಮಗೂ ಇದೆ ಭಾವ. ಕುರಿ ಹೋದ್ರೆ ಪರಿಹಾರ ಕೊಡ್ಬೇಕು ಸರ್ಕಾರ. ನಾವ್ ಯಾರೂ ಹೋಗಿ ಕೇಳಿಲ್ಲ ಅಷ್ಟೇ," ಎಂದೆ. "ಹಂಗಾರೆ ಕೇಳ್ಕಂಡ್ ಬಾ ಹೋಗು," ಎಂದು ನಕ್ಕರು. ನಾನು ಡೈರಿಯಿಂದ ಮನೆಗೆ ಬಂದು, ಸೀರೆ ಬದಲಿಸಿಕೊಂಡು, ಬಸ್ಸು ಹತ್ತಿದೆ.

ಗುಬ್ಬಿಯ ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೇಜಿನ ಹಿಂದೆ ಕೂತಿದ್ದವರು ನನ್ನ ಮಾತು ಪೂರ್ತಿ ಕೇಳಿದರು. ಒರಟಾಗಿ ಮಾತಾಡಲಿಲ್ಲ. ಕೊನೆಗೆ, "ನಿಮ್ ಕಡೆ ತೋಳ ಇಲ್ಲಮ್ಮ. ಬೀದಿನಾಯಿ ಹಿಡಿದಿರ್ತವೆ," ಎಂದರು.

"ನಾನೇ ಕಂಡಿದೀನಿ ಸಾರ್. ಹಗಲು ಹೊತ್ತಲ್ಲಿ."

"ದೂರದಿಂದ ಎಲ್ಲಾ ಒಂದೇ ತರ ಕಾಣ್ತವೆ. ನಮ್ ರೆಕಾರ್ಡಲ್ಲಿ ಅಲ್ಲಿ ತೋಳ ಇಲ್ಲ. ಕುರಿ ಎಲ್ಲಿ? ಡಾಕ್ಟರ್ ನೋಡಿದಾರಾ?"

"ಹೂತಾಯ್ತು."

"ಹೂತ ಮೇಲೆ ಏನ್ ಮಾಡೋದಮ್ಮ?"

ವಿಷ ಹಾಕಬಾರದೆಂದು ಹೂತ ಕುರಿಗೆ ಪರಿಹಾರ ಇಲ್ಲವಾಯಿತು. ಅದಕ್ಕಿಂತ ನನಗೆ ಚುಚ್ಚಿದ್ದು ಇನ್ನೊಂದು ಮಾತು. ಊರಿನಲ್ಲಿ ತೋಳ ಇದೆ, ಆದ್ದರಿಂದ ಕೊಲ್ಲಬೇಕು ಎನ್ನುತ್ತಿದ್ದರು. ಇಲ್ಲಿ ತೋಳವೇ ಇಲ್ಲ, ಆದ್ದರಿಂದ ನಾವೇನೂ ಮಾಡಬೇಕಾಗಿಲ್ಲ ಎನ್ನುತ್ತಿದ್ದಾರೆ. ಕಾನೂನು ಕಾಯಬೇಕಾದ ಪ್ರಾಣಿಯನ್ನು ಇಲ್ಲವೆಂದುಬಿಟ್ಟರೆ ಕಾಯುವ ಕೆಲಸವೂ ಇಲ್ಲ, ಕುರಿಯವರ ಕಷ್ಟ ಕೇಳುವ ಕೆಲಸವೂ ಇಲ್ಲ. "ಕಾವಲಲ್ಲಿ ತೋಳ ಇದೆ ಸಾರ್. ನಾನು ತೋರಿಸ್ತೀನಿ," ಎಂದು ಹೇಳಿ ಎದ್ದೆ.

ಹೊರಗೆ ಜಗಲಿಯಲ್ಲಿ ಖಾಕಿ ಹಾಕಿದ್ದ ಹೆಂಗಸೊಬ್ಬಳು ನನ್ನನ್ನು ತಡೆದಳು. ನಮ್ಮ ಕಡೆಗೆ ಹೊಸದಾಗಿ ಬಂದಿದ್ದ ಗಾರ್ಡ್. ಒಳಗಿನ ಮಾತು ಅವಳಿಗೆ ಕೇಳಿಸಿತ್ತು. "ಅಕ್ಕ, ಇನ್ನೊಂದ್ಸಲ ಹಿಂಗಾದ್ರೆ ಕುರಿ ಎತ್ಬೇಡಿ. ಬಿದ್ದಲ್ಲೇ ಫೋಟೋ ತೆಗ್ದು ನಂಗೆ ಫೋನ್ ಮಾಡಿ. ದನದ ಡಾಕ್ಟರನ್ನ ನಾನೇ ಕರ್ಕೊಂಡ್ ಬರ್ತೀನಿ," ಎಂದಳು. ನಾನು ಅವಳ ನಂಬರು ತೆಗೆದುಕೊಂಡೆ. ಆ ಹೊತ್ತಿನಲ್ಲಿ ಅವಳ ಮೇಲೂ ನನಗೆ ನಂಬಿಕೆ ಇರಲಿಲ್ಲ.

ಅಂದಿನಿಂದ ಕುರಿ ಹೊಡೆದುಕೊಂಡು ಹೋಗುವಾಗ ಮೊಬೈಲನ್ನು ಕೈಯಲ್ಲೇ ಹಿಡಿದಿರುತ್ತಿದ್ದೆ. ಅತ್ತೆಗೆ ಅದು ನಗೆ. "ಕುರಿ ನೋಡ್ತೀಯೋ ಫೋನ್ ನೋಡ್ತೀಯೋ?" ಎನ್ನುತ್ತಿದ್ದರು. ಮೊದಲ ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಒಂದು ಬೆಳಗ್ಗೆ ಅವರೇ ನನ್ನ ಭುಜ ಹಿಡಿದು ಕೂರಿಸಿ, "ಅಗೋ," ಎಂದರು. ಎರಡೂ ತೋಳ ಹೊಂಡದ ಅಂಚಿನಲ್ಲಿ ನೀರು ಕುಡಿಯುತ್ತಿದ್ದವು. ನಾನು ಚಿತ್ರ ಅಲುಗದಂತೆ ಮೊಣಕಾಲಿಗೆ ಮೊಬೈಲು ಊರಿ ವಿಡಿಯೋ ತೆಗೆದೆ. ನೀರು ಕುಡಿದು ಅವು ನಮ್ಮ ಕಡೆಗೊಮ್ಮೆ ನೋಡಿ, ಅವಸರವಿಲ್ಲದೆ ನಡೆದುಹೋದವು. ನನ್ನ ಕುರಿ ತಿಂದದ್ದೂ ಅವೇ. ನೋಡುತ್ತ ನೋಡುತ್ತ ನನಗೆ ಮತ್ತೆ ಸಿಟ್ಟು ಬಂತು. ಆದರೂ ಅವು ಕಣ್ಮರೆಯಾಗುವ ತನಕ ನೋಡಿದೆ.

ಗಾರ್ಡ್‌ಗೆ ವಿಡಿಯೋ ಕಳಿಸಿದೆ. ಅದನ್ನು ಅವಳು ಯಾರಿಗೆ ತೋರಿಸಿದಳೋ, ಏನು ಹೇಳಿದಳೋ ಗೊತ್ತಿಲ್ಲ. ಸ್ವಲ್ಪ ದಿನಕ್ಕೆ ನಮ್ಮ ಕಾವಲಿನಲ್ಲಿ ಕ್ಯಾಮೆರಾ ಕಟ್ಟಿದರು. ಬೀದಿನಾಯಿ ಎಂದವರು ಅದೇ ಕಚೇರಿಯಿಂದ ಫೋನ್ ಮಾಡಿ, "ನೀವ್ ಹೇಳಿದ್ದು ಸರಿ ಇದೆಯಮ್ಮ," ಎಂದರು. "ಬರೆದುಕೊಳ್ಳಿ ಸಾರ್ ಹಂಗಾರೆ," ಎಂದೆ.

ಆಮೇಲೆ ಭಾವನ ಟಗರು ಹೋಯಿತು. ಸುದ್ದಿ ತಂದದ್ದು ಅವರ ಹೆಂಡತಿ, ನಾನು ಅಕ್ಕ ಎನ್ನುವವರು. ಭಾವ ಔಷಧಿಯ ಪೊಟ್ಟಣ ಹಿಡಿದು ಹೊರಟಿದ್ದಾರೆ ಎಂದು ಅವರೇ ಏದುಸಿರು ಬಿಡುತ್ತ ಬಂದು ಹೇಳಿದರು. ನಾವು ಹೋಗುವಷ್ಟರಲ್ಲಿ ಭಾವ ಟಗರಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದರು.

"ಈಗ್ ಹೇಳು ನಿನ್ ಕಾನೂನು," ಎಂದರು.

"ಮುಟ್ಬೇಡಿ ಭಾವ. ಫೋಟೋ ತೆಗೀತೀನಿ. ಡಾಕ್ಟರ್ ಬರ್ತಾರೆ."

"ಬರ್ನಿಲ್ಲ ಅಂದ್ರೆ?"

ಅಕ್ಕ ನಡುವೆ ಬಂದರು. "ಅವ್ಳು ಹೇಳ್ದಂಗೆ ಒಂದ್ಸಲ ಮಾಡ್ ನೋಡಾನ ಬುಡಿ. ಬರ್ನಿಲ್ಲ ಅಂದ್ರೆ ಔಷಧಿ ಎಲ್ಲೋಯ್ತದೆ?"

ಗಾರ್ಡ್ ಬಂದಳು. ಡಾಕ್ಟರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೇ ಬಂದಳು. ಡಾಕ್ಟರು ಗಂಟಲಿನ ಗಾಯ ನೋಡಿ ತೋಳವೇ ಎಂದು ಬರೆದರು. ಪರಿಹಾರ ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಅದಕ್ಕಾಗಿ ನಾನೂ ಅಕ್ಕನೂ ಗುಬ್ಬಿಗೆ ಎಷ್ಟು ಸಲ ಓಡಾಡಿದೆವೋ. ಟಗರಿಗೆ ಸಮನಾದದ್ದೇನೂ ಬರಲಿಲ್ಲ, ಆದರೆ ಬಂತು. ನಮ್ಮೂರಿನಲ್ಲಿ ತೋಳ ಹಿಡಿದ ಕುರಿಗೆ ಸರ್ಕಾರ ಉತ್ತರ ಹೇಳಿದ್ದು ಅದೇ ಮೊದಲು. ಭಾವ ನನಗೆ ಥ್ಯಾಂಕ್ಸ್ ಹೇಳಲಿಲ್ಲ. ನಾನು ಕಾಯಲೂ ಇಲ್ಲ.

ಚಳಿಗಾಲದಲ್ಲಿ ವಿಷಯ ದೊಡ್ಡದಾಯಿತು. ಕಾವಲಿನ ಆಚೆ ಬದಿಯ ಬಂಡೆ ಸಂದಿಯಲ್ಲಿ ತೋಳ ಮರಿ ಹಾಕಿದೆಯೆಂದು ಯಾರೋ ನೋಡಿ ಬಂದರು. ಡೈರಿಯ ಮುಂದೆ ಅದೇ ಮಾತು. ಮುಳ್ಳು ತುರುಕಿ ಬೆಂಕಿ ಕೊಟ್ಟುಬಿಟ್ಟರೆ ಮುಂದಿನ ವರ್ಷದ ಕಾಟ ಈಗಲೇ ಮುಗಿಯುತ್ತದೆ ಎಂದು ಒಬ್ಬ ಹೇಳಿದ. ಯಾರೂ ಬೇಡ ಎನ್ನಲಿಲ್ಲ. ನಾನು ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಕೈ ತೊಳೆದುಕೊಂಡು, "ಕುರಿ ಬುಡು. ಇವತ್ತು ಆ ಕಡೀಕೇ ಹೊಡಿಯಾನ," ಎಂದರು.

ನಾವು ಮೊದಲು ತಲುಪಿದೆವು. ಬಂಡೆಯಿಂದ ದೂರದಲ್ಲೇ ಮಂದೆ ನಿಲ್ಲಿಸಿ ದಾರಿಗಡ್ಡವಾಗಿ ಕೂತೆವು. ಹೊತ್ತೇರುವ ಹೊತ್ತಿಗೆ ಗಂಡಸರು ಬಂದರು, ಕಾರೆ ಮುಳ್ಳಿನ ಹೊರೆ, ಸೀಮೆಣ್ಣೆ ಕ್ಯಾನು. ಎಲ್ಲರೂ ನನಗೆ ದಿನಾ ಕಾಣುವ ಮುಖಗಳು. ಅವರಲ್ಲಿ ಕೆಟ್ಟವರೆಂದು ನಾನು ಯಾರನ್ನೂ ಹೇಳಲಾರೆ. ಕುರಿ ಕಳೆದುಕೊಂಡವರು, ಅಥವಾ ಕಳೆದುಕೊಂಡೇವೆಂಬ ಭಯದವರು.

"ಏಳಮ್ಮ," ಎಂದರು ಭಾವ.

"ಏಳಲ್ಲ."

"ಊರೆಲ್ಲಾ ಒಂದ್ ಕಡೆ, ನೀನೊಬ್ಳು ಒಂದ್ ಕಡೆ. ಗಂಡನ್ಗೆ ಫೋನ್ ಮಾಡ್ತೀನಿ ನೋಡು."

"ಮಾಡಿ. ಅವ್ರು ಬಸ್ಸಲ್ಲಿದಾರೆ, ಎತ್ತಲ್ಲ."

ಅವರು ಮಾಡಿಯೇ ಮಾಡಿದರು. ನನ್ನ ಗಂಡ ಎತ್ತಿದರು. ಕುಣಿಗಲ್ ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ ಸ್ಪೀಕರಿನಲ್ಲಿ ಅವರ ದನಿ ಎಲ್ಲರಿಗೂ ಕೇಳಿತು. "ನಾನ್ ಹೇಳಿದ್ರೆ ಕೇಳೋಳಾಗಿದ್ರೆ ಹೇಳ್ತಿದ್ದೆ ಕಣಣ್ಣ. ನೀವೇ ನೋಡ್ಕಳಿ." ಯಾರೋ ನಕ್ಕರು. ಬೆನ್ನ ಹಿಂದೆ ಬಂಡೆಯ ಕಡೆಯಿಂದ ಸಣ್ಣ ಕುಂಯ್ ಎನ್ನುವ ಸದ್ದು ಬರುತ್ತಿತ್ತು, ನಾಯಿಮರಿಗಳ ಕೂಗಿನಂತೆ. ಎಲ್ಲರಿಗೂ ಕೇಳಿಸುತ್ತಿತ್ತು.

ಅಷ್ಟರಲ್ಲಿ ಗಾರ್ಡ್ ಬಂದಳು. ಮನೆ ಬಿಡುವಾಗಲೇ ನಾನು ಫೋನ್ ಮಾಡಿದ್ದೆ. ಒಬ್ಬಳೇ ಬಂದಿದ್ದಳು. ಗಾಡಿ ನಿಲ್ಲಿಸಿ ನನ್ನ ಪಕ್ಕದಲ್ಲಿ ಬಂದು ನಿಂತು, "ಬೆಂಕಿ ಕೊಟ್ರೆ ಕೇಸ್ ಹಾಕ್ತೀನಿ. ಬೇಲ್ ಸುಲಭಕ್ಕೆ ಸಿಗಲ್ಲ. ನಿಮ್ ಹೆಸರೆಲ್ಲಾ ನಂಗೊತ್ತು," ಎಂದಳು. ದನಿ ಏರಿಸಲಿಲ್ಲ. ಜೇಬಿನಿಂದ ಪುಸ್ತಕ ತೆಗೆದು ಒಂದೊಂದೇ ಹೆಸರು ಬರೆಯತೊಡಗಿದಳು. ಅಂದು ನನಗೆ ಅವಳ ಮೇಲೆ ನಂಬಿಕೆ ಬಂತು.

ಭಾವ ಮುಳ್ಳಿನ ಹೊರೆ ಕೆಳಗೆ ಹಾಕಿದರು. "ನಾಳೆ ದೊಡ್ಡವಾಗಿ ನಿನ್ ಮಂದೆಗೇ ಬರ್ತವೆ. ಆಗ ನಮ್ಮತ್ರ ಬರಬ್ಯಾಡ," ಎಂದರು.

"ಬಂದ್ರೆ ಬರ್ಲಿ. ನಾನು, ಅವು, ನೋಡ್ಕೋತೀವಿ," ಎಂದೆ. ಈಗ ನೆನೆದರೆ ದೊಡ್ಡ ಮಾತು. ಆಗ ಹಾಗೇ ಅನಿಸಿತ್ತು.

ನಾವು ಅಲ್ಲೇ ಇದ್ದರೆ ತಾಯಿ ತೋಳ ಹತ್ತಿರ ಬರುವುದಿಲ್ಲವೆಂದು ಗಾರ್ಡ್ ಹೇಳಿದ ಮೇಲೆ ಮಂದೆಯನ್ನು ಇಳಿಜಾರಿಗೆ ಹೊಡೆದೆವು. ಸಂಜೆಗೆ ಮುಂಚೆ ತಾಯಿ ಬಂತು. ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಹುಲ್ಲಿನ ನಡುವೆ ನಡೆದುಹೋಯಿತು, ಸ್ವಲ್ಪ ಹೊತ್ತಿಗೆ ಬಂದು ಇನ್ನೊಂದನ್ನು ಒಯ್ದಿತು. ಎಲ್ಲಿಗೆಂದು ನಾವು ನೋಡಹೋಗಲಿಲ್ಲ. ಅತ್ತೆ ಕೋಲಿನ ಮೇಲೆ ಗಲ್ಲ ಊರಿ, "ಮನೆ ಖಾಲಿ ಮಾಡ್ತಾವೆ ನೋಡು," ಎಂದರು. ಅವರ ದನಿಯಲ್ಲಿ ಪ್ರೀತಿ ಇರಲಿಲ್ಲ. ಬಸುರಿ ಬಾಣಂತಿಯರ ಬಗ್ಗೆ ಮಾತಾಡುವಾಗಿನ ದನಿ ಇತ್ತು.

ಊರಿನಲ್ಲಿ ನನಗೆ ತೋಳದವಳು ಎಂಬ ಹೆಸರು ಬಿತ್ತು. ಮದುವೆ ಮನೆಯಲ್ಲಿ, ಡೈರಿಯಲ್ಲಿ, ನನಗೆ ಕೇಳುವಂತೆಯೇ ಹೇಳುತ್ತಿದ್ದರು. ಮೊದಮೊದಲು ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ಹೆಂಗಸರು ಎದ್ದು ಬೇರೆ ಕಡೆ ಹೋದದ್ದೂ ಉಂಟು. ನಾನು ಬಡಿಸಿದ್ದನ್ನು ಪೂರ್ತಿ ಉಂಡು, ಪಾಯಸ ಇನ್ನೊಂದು ಸಲ ಹಾಕಿಸಿಕೊಂಡು ಏಳುತ್ತಿದ್ದೆ.

ಮರಿಗಳು ಬದುಕಿದವು. ಮುಂದಿನ ವರ್ಷ ಕಾವಲಿನಲ್ಲಿ ನಾಲ್ಕೈದು ತೋಳ ಒಟ್ಟಿಗೆ ಓಡಾಡುವುದನ್ನು ನಾನೇ ಕಂಡೆ. ಕಡಬದ ಕಡೆಯವರೂ ನೋಡಿದ್ದೇವೆಂದು ಹೇಳುತ್ತಿದ್ದರು. ನಮ್ಮ ಒಂದೆರಡು ಕುರಿಮರಿಯೂ ಹೋದವು. ಆಗೆಲ್ಲ ಬಿದ್ದಲ್ಲೇ ಫೋಟೋ ತೆಗೆದೆ, ಕಚೇರಿ ಸುತ್ತಿದೆ, ಜಗಳ ಆಡಿದೆ.

ಈ ಸುದ್ದಿ ಹೇಗೋ ಮೇಲಿನವರಿಗೆ ತಲುಪಿ, ತುಮಕೂರಿನಲ್ಲಿ ಇಲಾಖೆಯ ಒಂದು ಸಮಾರಂಭಕ್ಕೆ ನನ್ನನ್ನು ಕರೆದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಫಲಕ. ಫಲಕದ ಮೇಲೆ ಹುಲಿಯ ಚಿತ್ರವಿತ್ತು. ತೋಳದ್ದು ಸಿಗಲಿಲ್ಲವೇನೋ. ಭಾಷಣದಲ್ಲಿ ನನ್ನನ್ನು ತೋಳಪ್ರೇಮಿ ಎಂದು ಹೊಗಳಿದರು. ಆಮೇಲೆ ಎರಡು ಮಾತಾಡಿ ಎಂದು ಮೈಕು ಕೊಟ್ಟರು.

ಅದಕ್ಕೆ ಹಿಂದಿನ ವಾರವೇ ನಮ್ಮ ಕಾವಲಿಗೆ ಜೆಸಿಬಿ ಬಂದಿತ್ತು. ಬರಡು ಭೂಮಿಯನ್ನು ಹಸಿರು ಮಾಡುವ ಯೋಜನೆಯಂತೆ. ಗುಂಡಿ ತೆಗೆದು ಮರ ನೆಡುತ್ತಾರಂತೆ. ನಾನು ಮೈಕು ಹಿಡಿದು ಹೇಳಿದೆ:

"ನಾನು ತೋಳಪ್ರೇಮಿ ಅಲ್ಲ. ಅದು ನನ್ನ ಕುರಿ ತಿಂದಿದೆ. ಅದಕ್ಕೆ ಬದುಕೋ ಹಕ್ಕಿದೆ ಅಂತ ನೀವೇ ಬರೆದಿದ್ದೀರಿ, ನಾನು ಅದನ್ನ ನಿಜ ಅಂತ ತಗೊಂಡೆ, ಅಷ್ಟೇ. ಈಗ ಕೊಲ್ಲಬೇಡಿ ಅಂತ ನಮಗೆ ಹೇಳಿ, ಅದು ಇರೋ ಹುಲ್ಲನ್ನ ನೀವು ಕಿತ್ತು ಮರ ನೆಡ್ತಾ ಇದ್ದೀರಿ. ಆ ಮರದ ಕೆಳಗೆ ತೋಳವೂ ಇರಲ್ಲ, ನನ್ನ ಕುರಿಗೆ ಮೇವೂ ಇರಲ್ಲ. ಅದು ಬರಡಲ್ಲ ಸಾರ್. ಬಂದು ನೋಡಿ."

ಕಾರ್ಯಕ್ರಮ ನಡೆಸುತ್ತಿದ್ದವರು ಪಕ್ಕಕ್ಕೆ ಬಂದು, "ಸಮಯ ಆಯ್ತು ಮೇಡಂ," ಎಂದರು. ನಾನು ಇನ್ನೊಂದು ಸಲ "ಬಂದು ನೋಡಿ" ಎಂದು ಹೇಳಿಯೇ ಮೈಕು ಕೊಟ್ಟೆ. ಹಿಂದಿನ ಸಾಲಿನಲ್ಲಿ ನಮ್ಮ ಗಾರ್ಡ್ ಕೂತಿದ್ದಳು. ಮೇಲಿನವರ ಮುಂದೆ ಚಪ್ಪಾಳೆ ತಟ್ಟುವಂತಿರಲಿಲ್ಲ, ತಲೆ ತಗ್ಗಿಸಿ ನಗುತ್ತಿದ್ದಳು.

ಒಬ್ಬ ಅಧಿಕಾರಿ ಬಂದು ನೋಡಿದರು. ಅಷ್ಟರಲ್ಲಿ ಕಾವಲಿನ ಅರ್ಧಕ್ಕೆ ಗುಂಡಿ ಬಿದ್ದಾಗಿತ್ತು. ಆ ಅರ್ಧ ಹೋಯಿತು. ಈಗ ಅಲ್ಲಿ ಸಾಲು ಸಾಲಾಗಿ ಮರಗಳಿವೆ, ಕೆಳಗೆ ಒಣ ಎಲೆ ಬಿಟ್ಟರೆ ಏನಿಲ್ಲ. ಉಳಿದರ್ಧಕ್ಕೆ ಕೈ ಹಾಕುವುದಿಲ್ಲವೆಂದು ಸದ್ಯಕ್ಕೆ ಹೇಳಿದ್ದಾರೆ. ಸದ್ಯಕ್ಕೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಆದ್ದರಿಂದ ಮಳೆಯಿರಲಿ, ಬಿಸಿಲಿರಲಿ, ಮಂಡಿನೋವಿನ ಅತ್ತೆಯನ್ನು ಮನೆಯಲ್ಲಿ ಬಿಟ್ಟಾದರೂ, ನಾನು ದಿನಾ ಆ ಉಳಿದರ್ಧಕ್ಕೇ ಕುರಿ ಹೊಡೆಯುತ್ತೇನೆ.